ಮೂಗಿನ ಕೆಳಗಿನ ಹಕ್ಕಳೆ, ಅಜ್ಜಿಯ ಬೆರಳ ಸಂದು

"ತಿಂಡಿ ಭಾಳ ಆಗ್ಯಾದ್ರಿ ಡಾಕ್ಟ್ರ. ರಾತ್ರಿ ನಿದ್ದಿನೇ ಮಾಡವಲ್ದು ಕೂಸು."

ನಾನು ತುಮಕೂರು ಕಡೆಯವನು. ಯಾದಗಿರಿ ಜಿಲ್ಲೆಗೆ ಬಂದ ಹೊಸತರಲ್ಲಿ ಒಬ್ಬ ತಾಯಿ ಹೀಗೆ ಹೇಳಿದಾಗ, "ಏನೇನು ತಿಂಡಿ ಕೊಡ್ತೀರಮ್ಮ?" ಅಂತ ಕೇಳಿಬಿಟ್ಟಿದ್ದೆ. ಆಕೆ ನನ್ನ ಮುಖ ನೋಡಿದರು, ನರ್ಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಇಲ್ಲಿ ತಿಂಡಿ ಅಂದರೆ ತುರಿಕೆ. ಆ ಪಾಠ ಒಂದೇ ದಿನಕ್ಕೆ ಆಯ್ತು. ಆದರೂ ಈ ಪ್ರಕರಣದಲ್ಲಿ ಅದೇ ಮಾತನ್ನು ಮೊದಲ ದಿನವೇ ಕೇಳಿ, ಕೇಸ್ ಪೇಪರಿನಲ್ಲಿ ಬರೆದುಕೊಂಡು, ಮುಂದಕ್ಕೆ ಹೋಗಿಬಿಟ್ಟೆ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.

ಮೊದಲ ಭೇಟಿ

ಜುಲೈ ಕೊನೆಯ ವಾರ. ಶಹಾಪುರ ತಾಲ್ಲೂಕಿನ ಕಾಲುವೆ ದಂಡೆಯ ಒಂದು ಹಳ್ಳಿ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಆ ಕಡೆ ಎಲ್ಲಿ ನೋಡಿದರೂ ಭತ್ತದ ಗದ್ದೆ, ಗದ್ದೆ ಇದ್ದಲ್ಲಿ ಸೊಳ್ಳೆ. ಮಕ್ಕಳ ಕಾಲಿನ ತುಂಬ ಕಡಿತದ ಗುರುತು ಇರುವುದು ಅಲ್ಲಿ ಮಾಮೂಲು.

ಹುಡುಗನಿಗೆ ನಾಲ್ಕು ವರ್ಷ, ತೂಕ 14 ಕಿಲೋ. ಅಜ್ಜಿ ಮತ್ತು ತಾಯಿ ಕರೆದುಕೊಂಡು ಬಂದಿದ್ದರು. ಮೂಗಿನ ಎಡ ಹೊಳ್ಳೆಯ ಕೆಳಗೆ, ತುಟಿಯ ಮೂಲೆಯಲ್ಲಿ, ಗಲ್ಲದ ಮೇಲೆ ಹೀಗೆ ಮೂರು ಕಡೆ ಹುಣ್ಣು. ಜ್ವರ ಇಲ್ಲ. ಊಟ, ಆಟ ಎಲ್ಲ ಸರಿ. ದವಡೆಯ ಕೆಳಗೆ ಒಂದು ಗಂಟು ಕೈಗೆ ಸಿಕ್ಕಿತು, ಮುಟ್ಟಿದರೆ ಸ್ವಲ್ಪ ನೋವು. ಆದರೆ ಹುಣ್ಣು ಮೊದಲು ಕಾಣಲೇ ಇಲ್ಲ. ಇಡೀ ಬಲಗೆನ್ನೆ, ಗಲ್ಲ, ಮೂಗಿನ ಕೆಳಗೆ ಕೆಮ್ಮಣ್ಣು ಬಳಿದಿದ್ದರು. ಊರಿನ ಹಿರಿಯರೊಬ್ಬರು "ಸರ್ಪಸುತ್ತು" ಅಂದಿದ್ದರಂತೆ.

ಅದಕ್ಕೂ ಮುಂಚೆ ಇನ್ನೊಂದು ಕಥೆ ಇತ್ತು. ಹತ್ತು ದಿನದ ಹಿಂದೆ ಮೂಗಿನ ಕೆಳಗೆ ಒಂದೇ ಒಂದು ಗುಳ್ಳೆ. ಔಷಧಿ ಅಂಗಡಿಯಲ್ಲಿ ತೋರಿಸಿದರೆ ಒಂದು ಟ್ಯೂಬ್ ಕೊಟ್ಟರು. "ಹಚ್ಚಿದ ಕೂಡ್ಲೇ ಕೆಂಪು ಹೋತ್ರಿ. ಮತ್ತ ನಾಕ್ ದಿನಕ್ಕ ಮೂರಾದ್ವು," ಅಂದರು ತಾಯಿ. ಸೆರಗಿನ ಗಂಟು ಬಿಚ್ಚಿ ಟ್ಯೂಬ್ ತೋರಿಸಿದರು. ಬೆನ್ನಿನವರೆಗೆ ಹಿಂಡಿ ಸುರುಳಿ ಸುತ್ತಿದ್ದರು. ಪ್ರಬಲ ಸ್ಟೆರಾಯ್ಡ್, ಜೊತೆಗೆ ಹುಳಕಡ್ಡಿ ಔಷಧಿ, ಜೊತೆಗೆ ಒಂದು ಆಂಟಿಬಯೋಟಿಕ್, ಮೂರೂ ಕಲಸಿದ ಮುಲಾಮು. ಯಾವ ಕಾಯಿಲೆ ಅಂತ ಗೊತ್ತಿಲ್ಲದವರಿಗೆ ಇದು ಬಹಳ ಅನುಕೂಲ. ಯಾವುದಾದರೂ ಒಂದು ತಾಗುತ್ತದೆ ಅಲ್ವಾ! ಸ್ಟೆರಾಯ್ಡ್ ಮಾಡುವ ಕೆಲಸ ಏನೆಂದರೆ, ಆ ಜಾಗದಲ್ಲಿ ದೇಹ ನಡೆಸುತ್ತಿರುವ ಜಗಳವನ್ನು ನಿಲ್ಲಿಸುವುದು. ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ತಾಯಿಗೆ ಸಮಾಧಾನ ಆಗುತ್ತದೆ. ಒಳಗೆ ಬ್ಯಾಕ್ಟೀರಿಯಾ ಯಾರ ಕಾಟವೂ ಇಲ್ಲದೆ ಹರಡುತ್ತದೆ. ಇಂಥ ಸ್ಟೆರಾಯ್ಡ್ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಕೊಡುವುದು ನಿಂತಿಲ್ಲ.

ಹತ್ತಿ, ಉಗುರುಬೆಚ್ಚಗಿನ ನೀರು ತರಿಸಿ ಮಣ್ಣು ಒರೆಸಿದೆ. ಕೆಳಗೆ ಇದ್ದದ್ದು ನೋಡಿದ ಕೂಡಲೇ ಗೊತ್ತಾಗುವಂಥದ್ದು. ಬೆಲ್ಲದ ಪಾಕ ಬಟ್ಟಲಿನ ಅಂಚಿಗೆ ಹಿಡಿದು ಒಣಗಿದರೆ ಹೇಗಿರುತ್ತದೆ, ಹಾಗೆ ಹಳದಿ ಹಕ್ಕಳೆ. ಅಂಚು ಎದ್ದಲ್ಲಿ ಕೆಳಗೆ ಹಸಿ ಕೆಂಪು ಚರ್ಮ, ಮಿನುಗುವ ತೇವ. ಇದಕ್ಕೆ ಇಂಪೆಟಿಗೋ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೇ ಅಂತ ಒಂದು ಹೆಸರಿಲ್ಲ. ಜನ ಹುಣ್ಣು ಅಂತಾರೆ, ಕಜ್ಜಿ ಅಂತಾರೆ, ಗುಳ್ಳಿ ಅಂತಾರೆ. ಹೆಸರಿಲ್ಲದ ಕಾರಣಕ್ಕೇ ಸರ್ಪಸುತ್ತು, ದೇವಿ ಹೀಗೆ ಬೇರೆ ಬೇರೆ ಹೆಸರು ಇದರ ಮೈಮೇಲೆ ಬೀಳುತ್ತವೆ. ದೇವಿ ಅಂದರೋ, ಮಗುವಿಗೆ ಸ್ನಾನವೂ ಇಲ್ಲ, ಔಷಧಿಯೂ ಇಲ್ಲ. ಅದಕ್ಕಿಂತ ಕೆಮ್ಮಣ್ಣೇ ವಾಸಿ.

ಸರ್ಪಸುತ್ತು ಇದಲ್ಲ ಅಂತ ಹೇಗೆ ಹೇಳಿದೆ? ಸರ್ಪಸುತ್ತು ವೈರಸ್ಸಿನದು. ಒಂದು ನರದ ಹಾದಿಯಲ್ಲಿ, ದೇಹದ ಒಂದೇ ಪಕ್ಕಕ್ಕೆ, ಪಟ್ಟಿಯ ಹಾಗೆ ಏಳುತ್ತದೆ. ಉರಿ, ನೋವು ಇರುತ್ತದೆ. ಈ ಹುಡುಗನ ಹುಣ್ಣು ಎರಡೂ ಪಕ್ಕ ದಾಟಿತ್ತು, ನೋವು ಅಷ್ಟಕ್ಕಷ್ಟೇ. ದೇವಿ ಅಂದರೆ ಚಿಕನ್‌ಪಾಕ್ಸ್. ಅದಾದರೆ ಜ್ವರ ಬಂದು ಹೊಟ್ಟೆ, ಬೆನ್ನು, ತಲೆ ಎಲ್ಲ ಕಡೆ ಒಂದೇ ಸಲ ಹೊಸ ಹಳೆಯ ಗುಳ್ಳೆ ಕಾಣಬೇಕಿತ್ತು. ತುಟಿ ಅಂಚಿನಲ್ಲಿ ಗೊಂಚಲು ಗೊಂಚಲಾಗಿ ಬರುವ ಹರ್ಪಿಸ್ ಗುಳ್ಳೆಯೂ ಮೋಸ ಮಾಡಬಹುದು. ಅದು ಹೆಚ್ಚು ನೋಯುತ್ತದೆ. ಇಂಪೆಟಿಗೋ ಗುರುತಿಸಲು ಬಹುತೇಕ ಕಣ್ಣೇ ಸಾಕು, ಲ್ಯಾಬ್ ಬೇಕಿಲ್ಲ. ಔಷಧಿಗೆ ಬಗ್ಗದಿದ್ದರೆ, ಮತ್ತೆ ಮತ್ತೆ ಬಂದರೆ ಆಗ ಕೀವು ತೆಗೆದು ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸುತ್ತೇವೆ.

ಇದನ್ನು ಮಾಡುವ ಬ್ಯಾಕ್ಟೀರಿಯಾ ಎರಡು. ಸ್ಟೆಫಿಲೋಕಾಕಸ್ ಆರಿಯಸ್ ಒಂದು, ಗುಂಪು ಎ ಸ್ಟ್ರೆಪ್ಟೋಕಾಕಸ್ ಇನ್ನೊಂದು. ಕೆಲವು ಸಲ ಎರಡೂ ಸೇರಿರುತ್ತವೆ. ಮೊದಲನೆಯದು ಎಲ್ಲೋ ದೂರದಿಂದ ಬರಬೇಕಿಲ್ಲ. ಆರೋಗ್ಯವಾಗಿರುವ ಹತ್ತು ಜನರಲ್ಲಿ ಸುಮಾರು ಮೂವರ ಮೂಗಿನಲ್ಲಿ ಅದು ಸುಮ್ನೆ ಕೂತಿರುತ್ತದೆ. ಚರ್ಮ ಗಟ್ಟಿ ಇರುವವರೆಗೆ ಏನೂ ಮಾಡುವುದಿಲ್ಲ. ಸೊಳ್ಳೆ ಕಚ್ಚಿ, ಮಗು ಕೆರೆದು, ಉಗುರು ತಾಗಿ ಒಂದು ಗೀರು ಬಿತ್ತು ಅನ್ನಿ, ಅಲ್ಲಿಂದ ಒಳಗೆ. ಮೊದಲು ಸಣ್ಣ ಗುಳ್ಳೆ, ಆಮೇಲೆ ಒಡೆದು ರಸ, ಆಮೇಲೆ ಹಕ್ಕಳೆ. ಆ ರಸದಲ್ಲಿ ರೋಗಾಣು ತುಂಬಿರುತ್ತದೆ. ಮಗು ಅದನ್ನು ಕೆರೆದ ಬೆರಳಿನಲ್ಲೇ ಕಾಲು ಕೆರೆದರೆ ಕಾಲಿಗೆ, ತಮ್ಮನ ಕೆನ್ನೆ ಹಿಂಡಿದರೆ ತಮ್ಮನಿಗೆ. ಎರಡರಿಂದ ಐದು ವರ್ಷದ ಮಕ್ಕಳಲ್ಲೇ ಇದು ಜಾಸ್ತಿ, ಯಾಕೆಂದರೆ ಆ ವಯಸ್ಸಿನಲ್ಲಿ ಎಲ್ಲರೂ ಎಲ್ಲರನ್ನೂ ಮುಟ್ಟುತ್ತಾರೆ.

ಇದರದೇ ಇನ್ನೊಂದು ರೂಪ ಇದೆ, ದೊಡ್ಡ ನೀರ್ಗುಳ್ಳೆಯದು. ಅಲ್ಲಿ ಸ್ಟೆಫಿಲೋಕಾಕಸ್ ಒಂದು ವಿಷ ಬಿಡುತ್ತದೆ. ಚರ್ಮದ ಮೇಲ್ಪದರದ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಡೆಸ್ಮೋಗ್ಲೀನ್ 1 ಅನ್ನುವ ಪ್ರೋಟೀನನ್ನು ಆ ವಿಷ ಕತ್ತರಿಸಿ ಹಾಕುತ್ತದೆ. ಹೊಲಿಗೆ ಬಿಚ್ಚಿದ ಹಾಗೆ ಪದರ ಎದ್ದು ನೀರು ತುಂಬುತ್ತದೆ. ಎಳೆಗೂಸುಗಳಲ್ಲಿ ಇದು ಹೆಚ್ಚು. ನಮ್ಮ ಹುಡುಗನದು ಅದಲ್ಲ, ಹತ್ತರಲ್ಲಿ ಏಳು ಮಕ್ಕಳಲ್ಲಿ ಕಾಣುವ ಸಾಮಾನ್ಯ ಹಕ್ಕಳೆ ರೂಪ.

ಮೂರೇ ಹುಣ್ಣು, ಜ್ವರವಿಲ್ಲ. ಇಂಥದ್ದಕ್ಕೆ ಬಾಯಿಯ ಔಷಧಿ ಬೇಕಿಲ್ಲ. ಶೇಕಡ 2ರ ಮ್ಯುಪಿರೋಸಿನ್ ಮುಲಾಮು ಬರೆದೆ, ದಿನಕ್ಕೆ ಮೂರು ಸಲ, ಐದು ದಿನ. ಫ್ಯೂಸಿಡಿಕ್ ಆಸಿಡ್ ಮುಲಾಮೂ ಆಗುತ್ತದೆ. ಆದರೆ ಚೀಟಿ ಬರೆದು ಕಳಿಸಿದರೆ ಅರ್ಧ ಕೆಲಸ ಮಾತ್ರ. ಒಣ ಹಕ್ಕಳೆಯ ಮೇಲೆ ಮುಲಾಮು ಸವರಿದರೆ ಅದು ಹಕ್ಕಳೆಗೆ ಹೋಗುತ್ತದೆಯೇ ಹೊರತು ಹುಣ್ಣಿಗೆ ಹೋಗುವುದಿಲ್ಲ. ಅದಕ್ಕೆ ಅಲ್ಲೇ ಮಾಡಿ ತೋರಿಸಿದೆ. ಮೆತ್ತನೆ ಹಳೆಯ ಬಟ್ಟೆ, ಬೆಚ್ಚಗಿನ ನೀರು, ಸ್ವಲ್ಪ ಸೋಪು. ಒದ್ದೆ ಬಟ್ಟೆಯನ್ನು ಹಕ್ಕಳೆಯ ಮೇಲೆ ಇಟ್ಟು ಹತ್ತು ನಿಮಿಷ ಹಾಗೇ ಹಿಡಿಯಬೇಕು, ಉಜ್ಜಬಾರದು. ಅಷ್ಟರಲ್ಲಿ ಹಕ್ಕಳೆ ನೆನೆದು ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಮೆತ್ತಗಾಗುತ್ತದೆ. ಆಗ ಮೆಲ್ಲಗೆ ಒರೆಸಿದರೆ ತಾನಾಗಿ ಬರುತ್ತದೆ. ಬಾರದ್ದನ್ನು ಕೀಳುವುದು ಬೇಡ. ಒಣಗಿಸಿ, ಮುಲಾಮು ತೆಳ್ಳಗೆ ಹಚ್ಚಿ, ಕೈ ತೊಳೆದುಕೊಳ್ಳುವುದು. ಹುಡುಗ ಮೊದಲೆರಡು ನಿಮಿಷ ಅತ್ತ. ಆಮೇಲೆ ನರ್ಸಮ್ಮನ ಮೊಬೈಲಿನಲ್ಲಿ ಟ್ರ್ಯಾಕ್ಟರ್ ವಿಡಿಯೊ ನೋಡುತ್ತ ಸುಮ್ಮನಾದ.

ಉಗುರು ಕತ್ತರಿಸಿ ಅಂದೆ. ಟವೆಲ್ಲು ಬೇರೆ ಇಡಿ ಅಂದೆ. ಅಂಗನವಾಡಿಗೆ ಯಾವಾಗ ಕಳಿಸಬೇಕು ಅಂತ ತಾಯಿ ಕೇಳಿದರು. ಅಲ್ಲಿನ ಟೀಚರ್ ಹುಣ್ಣು ನೋಡಿ ಮನೆಗೆ ಕಳಿಸಿದ್ದರಂತೆ, ಸರಿಯಾಗೇ ಮಾಡಿದ್ದರು. ಔಷಧಿ ಶುರು ಮಾಡಿ 24 ಗಂಟೆ ಆದ ಮೇಲೆ, ಹುಣ್ಣು ಮುಚ್ಚಿಕೊಂಡಿದ್ದರೆ ಕಳಿಸಬಹುದು. ವಾರಗಟ್ಟಲೆ ಮನೆಯಲ್ಲಿ ಕೂರಿಸುವ ಅಗತ್ಯ ಇಲ್ಲ. ಅಂಗನವಾಡಿ ತಪ್ಪಿದರೆ ಮೊಟ್ಟೆಯೂ ತಪ್ಪುತ್ತದೆ.

ಆರನೇ ದಿನ ಬಂದಾಗ ಮುಖ ಸ್ವಚ್ಛ. ಹುಣ್ಣಿದ್ದ ಕಡೆ ತಿಳಿ ಗುಲಾಬಿ ಗುರುತು ಮಾತ್ರ. ಇದು ಮೇಲ್ಪದರದ ಕಾಯಿಲೆ, ಕಲೆ ಉಳಿಯುವುದಿಲ್ಲ ಅಂತ ಹೇಳಿ ಬೆನ್ನು ತಟ್ಟಿ ಕಳಿಸಿದೆ. ನನ್ನ ಬೆನ್ನನ್ನೂ ತಟ್ಟಿಕೊಂಡಿದ್ದೆ ಅನ್ನಿ.

ಪಂಚಮಿ ಆದ ಮೇಲೆ

ನಾಗರ ಪಂಚಮಿ ಮುಗಿದು ಹತ್ತು ದಿನ ಆಗಿರಬೇಕು. ಅದೇ ಅಜ್ಜಿ, ಅದೇ ತಾಯಿ, ಈ ಸಲ ಮೂರು ಮಕ್ಕಳು. ಹುಡುಗ, ಏಳು ವರ್ಷದ ಅಕ್ಕ, ಕಕ್ಕಿಯ ಎರಡು ವರ್ಷದ ಮಗ. ಹುಡುಗನ ಮುಖದಲ್ಲಿ ಏನೂ ಇಲ್ಲ. ಆದರೆ ಕೈ, ಕುಂಡಿ, ಕಾಲು ಸೇರಿ ಹನ್ನೊಂದು ಹುಣ್ಣು ಎಣಿಸಿದೆ. ಚಿಕ್ಕವನ ಅಂಗಾಲಿನಲ್ಲೂ ಗುಳ್ಳೆ. ಅಕ್ಕನ ಮೊಣಕಾಲ ಕೆಳಗೆ ಹಳೆಯ ಹುಣ್ಣು, ಅರ್ಧ ಮಾಗಿದ್ದವು. ಪಂಚಮಿಗೆ ಜೋಕಾಲಿ ಕಟ್ಟಿದ್ದರು, ಓಣಿಯ ಮಕ್ಕಳೆಲ್ಲ ಒಂದೇ ಹಗ್ಗ ಹಿಡಿದು ಆಡಿದ್ದರು.

"ನಿಮ್ಮ ಔಷಧಿ ಛಲೋ ಇತ್ತರಿ. ಆದ್ರ ತಿಂಡಿ ಹೋಗವಲ್ದು," ಅಂದರು ಅಜ್ಜಿ. ಹೇಳುತ್ತ ಹೇಳುತ್ತ ತಮ್ಮ ಎಡಗೈಯ ಬೆರಳ ಸಂದನ್ನು ಬಲಗೈಯಿಂದ ಉಜ್ಜಿಕೊಳ್ಳುತ್ತಿದ್ದರು.

ಆಗ ನನಗೆ ಹೊಳೆಯಿತು. ಇಂಪೆಟಿಗೋ ಸ್ವಲ್ಪ ತುರಿಸುತ್ತದೆ, ನಿಜ. ಆದರೆ ಮಗುವಿನ ನಿದ್ದೆ ಕೆಡಿಸುವಷ್ಟು, ಅದೂ ರಾತ್ರಿ ಹೊತ್ತಿನಲ್ಲೇ ತುರಿಸುವುದು ಬೇರೆಯದೇ ಕಾಯಿಲೆ. ಮೊದಲ ದಿನ ಬಟ್ಟೆ ಬಿಚ್ಚಿಸಿ ಇಡೀ ಮೈ ನೋಡಬೇಕಿತ್ತು, ನೋಡಲಿಲ್ಲ. ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಮುಖದ ಮೇಲೆ ಪುಸ್ತಕದ ಚಿತ್ರದಂಥ ಹುಣ್ಣು ಇತ್ತು, ಅಷ್ಟಕ್ಕೇ ನಿಲ್ಲಿಸಿದೆ. ಮನೆಯಲ್ಲಿ ಇನ್ಯಾರಿಗೆ ತುರಿಕೆ ಇದೆ ಅಂತ ಒಂದು ಪ್ರಶ್ನೆ ಕೇಳಿದ್ದರೂ ಸಾಕಿತ್ತು.

"ಆಯಿ, ಕೈ ಕೊಡ್ರಿ ನೋಡೋಣ."

"ನಂದೇನ್ ನೋಡ್ತಿಯೋ ಯಪ್ಪಾ, ಪಾರಗೋಳ್ನ ನೋಡು. ನಂದು ಮುದುಕಿ ಚರ್ಮ, ನೀರಾಗ ಕೆಲಸ ಮಾಡಿ ಹಂಗಾಗ್ಯಾದ."

ಕಿಟಕಿಯ ಬೆಳಕಿಗೆ ಕೈ ತಂದು ಬೆರಳು ಅಗಲಿಸಿದೆ. ಸಂದಿನಲ್ಲಿ ಸಣ್ಣ ಸಣ್ಣ ಗುಳ್ಳೆ, ಕೆರೆದ ಗೀರು. ಉಂಗುರ ಬೆರಳಿನ ಬುಡದಲ್ಲಿ ಅರ್ಧ ಸೆಂಟಿಮೀಟರಿನ ಒಂದು ಬೂದು ಗೆರೆ, ಪೆನ್ಸಿಲಿನಲ್ಲಿ ಎಳೆದ ಹಾಗೆ, ಸ್ವಲ್ಪ ಸೊಟ್ಟ. ಮಾರ್ಕರ್ ಪೆನ್ನಿನಿಂದ ಅದರ ಮೇಲೆ ಮಸಿ ಹಚ್ಚಿ, ಸ್ಪಿರಿಟ್ ಹತ್ತಿಯಿಂದ ಒರೆಸಿದೆ. ಸುತ್ತಲಿನ ಮಸಿ ಹೋಯಿತು. ಗೆರೆಯೊಳಗೆ ಇಳಿದ ಮಸಿ ಹಾಗೇ ಉಳಿದು, ಹುಳ ಕೊರೆದ ಸುರಂಗ ಕಪ್ಪಗೆ ಎದ್ದು ಕಂಡಿತು. ಇಸಬಲ್ಲ, ನೀರಿನದಲ್ಲ, ಸ್ಕೇಬೀಸ್. ನಾವು ಕಜ್ಜಿ ಅನ್ನುವುದು ಇದಕ್ಕೇ. ಹುಡುಗನ ಬೆರಳ ಸಂದು, ಹೊಕ್ಕುಳ ಸುತ್ತ, ಸೊಂಟದ ಉಡದಾರದ ಕೆಳಗೆ ನೋಡಿದರೆ ಅಲ್ಲೂ ಅದೇ. ಚಿಕ್ಕವನ ಅಂಗಾಲಿನ ಗುಳ್ಳೆಯೂ ಅದೇ.

ಕಜ್ಜಿ ಹುಳ ಅರ್ಧ ಮಿಲಿಮೀಟರೂ ಇಲ್ಲ. ಹೆಣ್ಣು ಹುಳ ಚರ್ಮದ ಮೇಲ್ಪದರದಲ್ಲಿ ಕೊರೆಯುತ್ತ ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಸಾಮಾನ್ಯ ರೋಗಿಯ ಇಡೀ ಮೈಮೇಲೆ ಇರುವುದು ಹತ್ತು ಹದಿನೈದು ಹುಳ ಅಷ್ಟೇ. ಆದರೂ ಮೈಯೆಲ್ಲ ತುರಿಸುತ್ತದೆ, ಯಾಕೆಂದರೆ ತುರಿಕೆ ಹುಳದ್ದಲ್ಲ, ಹುಳಕ್ಕೆ ದೇಹ ತೋರಿಸುವ ಅಲರ್ಜಿಯದು. ಮೊದಲ ಸಲ ಅಂಟಿದವರಿಗೆ ಈ ಅಲರ್ಜಿ ಏಳಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಮನುಷ್ಯ ಏನೂ ಇಲ್ಲದವನಂತೆ ಓಡಾಡುತ್ತ ಹಂಚುತ್ತಿರುತ್ತಾನೆ.

ಆ ಲೆಕ್ಕ ಹಿಡಿದು ಹಿಂದಕ್ಕೆ ಹೋದೆವು. ಮಕ್ಕಳ ಅಪ್ಪ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾನೆ. ಈ ಕಡೆಯ ಎಷ್ಟೋ ಮನೆಗಳ ಕಥೆ ಅದು. ಕಾರಹುಣ್ಣಿಮೆಗೆ ಊರಿಗೆ ಬಂದು ಎಂಟು ದಿನ ಇದ್ದು ಹೋಗಿದ್ದ. ಹುಡುಗನ ಮೊದಲ ಹುಣ್ಣಿಗೆ ಐದಾರು ವಾರ ಮುಂಚೆ. ತಾಯಿ ಅಲ್ಲೇ ಫೋನ್ ಹಚ್ಚಿ ಕೇಳಿದರು. ಸ್ಪೀಕರಿನಲ್ಲಿ ನಗುತ್ತ ಹೇಳಿದ: "ನಮ್ಮ ಶೆಡ್ಡಿನ್ಯಾಗ ಎಲ್ಲಾರ್ಗೂ ತಿಂಡಿ ಅದರಿ ಸರ್. ಸಿಮಿಟಿದ್ದು ಅಂದ್ಕೊಂಡೀವಿ."

ಮನೆಯಲ್ಲಿ ಹರಡಿದ್ದು ಯಾವುದರಿಂದ? ಅಜ್ಜಿ ಕೈಯಾರೆ ಹೊಲಿದ ಒಂದು ದೊಡ್ಡ ಕೌದಿ. ಹಳೆಯ ಸೀರೆ, ಧೋತರ ಪದರ ಪದರ ಇಟ್ಟು ಹೊಲಿದದ್ದು. ಮಳೆಗಾಲದಲ್ಲಿ ಅಜ್ಜಿ ಮತ್ತು ಮೂರು ಮಕ್ಕಳು ಒಂದೇ ಕೌದಿಯೊಳಗೆ. ಒದ್ದೆಯಾದರೆ ವಾರವಾದರೂ ಒಣಗದು ಅಂತ ಜೂನ್‌ನಿಂದ ಒಗೆದಿಲ್ಲ. ಕೌದಿಯೊಂದೇ ತಪ್ಪಿತಸ್ಥ ಅಲ್ಲ, ಹೆಚ್ಚು ಹೊತ್ತು ಮೈಗೆ ಮೈ ತಾಗಿ ಮಲಗುವುದೇ ಮುಖ್ಯ ಕಾರಣ. ಆದರೂ ಈ ಕೌದಿಯ ವಿಷಯಕ್ಕೆ ಆಮೇಲೆ ಬರಬೇಕಾಗುತ್ತದೆ.

ಹುಣ್ಣಿಗೂ ಕಜ್ಜಿಗೂ ಇರುವ ಸಂಬಂಧ ಸರಳ. ಹುಳ ತುರಿಸುತ್ತದೆ, ಮಗು ಕೆರೆಯುತ್ತದೆ, ಕೆರೆದಲ್ಲಿ ಬ್ಯಾಕ್ಟೀರಿಯಾ ಹೊಗುತ್ತದೆ. ಬ್ಯಾಕ್ಟೀರಿಯಾ ಸಾಯಿಸಿದರೆ ಹುಣ್ಣು ಮಾಯುತ್ತದೆ. ಹುಳ ಉಳಿದರೆ ಹೊಸ ಗೀರು, ಹೊಸ ಹುಣ್ಣು. ಫಿಜಿ ದ್ವೀಪಗಳಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ನೋಡಿದ್ದಾರೆ, 2015ರಲ್ಲಿ ಪ್ರಕಟವಾದ ಅಧ್ಯಯನ. ಒಂದು ಗುಂಪಿನ ಊರುಗಳಲ್ಲಿ ಎಲ್ಲರಿಗೂ ಕಜ್ಜಿ ಹುಳಕ್ಕೆ ಐವರ್‌ಮೆಕ್ಟಿನ್ ಮಾತ್ರೆ ಕೊಟ್ಟರು. ಆಂಟಿಬಯೋಟಿಕ್ ಹಂಚಲಿಲ್ಲ. ಒಂದು ವರ್ಷದಲ್ಲಿ ಅಲ್ಲಿ ಕಜ್ಜಿ ನೂರಕ್ಕೆ 32ರಿಂದ 2ಕ್ಕೆ ಇಳಿಯಿತು. ಇಂಪೆಟಿಗೋ ನೂರಕ್ಕೆ 25ರ ಹತ್ತಿರ ಇದ್ದದ್ದು 8ಕ್ಕೆ ಬಂತು. ನಾನು ಇದನ್ನು ಓದಿದ್ದೆ. ಓದಿದ್ದೂ ಹುಡುಗನ ಬೆರಳ ಸಂದು ನೋಡಿರಲಿಲ್ಲ.

ಅಕ್ಕನ ಮುಖ

ಇಷ್ಟೆಲ್ಲ ನಡೆಯುವಾಗ ಏಳು ವರ್ಷದ ಅಕ್ಕ ಬೆಂಚಿನ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಹುಣ್ಣು ಮೂವರಲ್ಲಿ ಎಲ್ಲಕ್ಕಿಂತ ಕಡಿಮೆ. ಹಾಗಾಗಿ ಕೊನೆಗೆ ಕರೆದೆ. ಹತ್ತಿರ ಬಂದಾಗ ಕಣ್ಣಿನ ರೆಪ್ಪೆ ದಪ್ಪ ಅನ್ನಿಸಿತು.

"ಈಕಿ ಮಾರಿ ಯಾವಾಗ್ಲೂ ಹಿಂಗ ಅದೇನು ತಂಗಿ?"

"ಇಲ್ರಿ, ಮೂರ್ ದಿನಾತು. ಮುಂಜಾನಿ ಎದ್ರ ಬಾತಿರ್ತದ. ಸಂಜಿಕ ಕಡಿಮಿ ಆಗ್ತದ. ನಿದ್ದಿದ್ದು ಅಂದ್ಕೊಂಡೆ."

"ಒಂದಕ್ಕ ಹೆಂಗ ಹೋಗ್ತಾಳ?"

ತಾಯಿಗೆ ಗೊತ್ತಿರಲಿಲ್ಲ. ಹುಡುಗಿಯೇ ಮೆಲ್ಲಗೆ ಹೇಳಿದಳು, "ಕರೀ ಚಹಾದಂಗ ಬರ್ತದ."

ಮಕ್ಕಳ ಅಳತೆಯ ಪಟ್ಟಿ ಕಟ್ಟಿ ಬಿಪಿ ನೋಡಿದೆ, 124/84. ದೊಡ್ಡವರಿಗಾದರೆ ಯಾರೂ ಗಾಬರಿ ಬೀಳುವುದಿಲ್ಲ. ಏಳು ವರ್ಷದ ಮಗುವಿಗೆ ಅದು ಬಹಳ ಜಾಸ್ತಿ. ಮೂತ್ರ ತರಿಸಿದರೆ ಪಾರದರ್ಶಕ ಬಾಟಲಿಯಲ್ಲಿ ನಿಜಕ್ಕೂ ಹಾಲಿಲ್ಲದ ಚಹಾ. ಪರೀಕ್ಷೆ ಪಟ್ಟಿ ಅದ್ದಿದಾಗ ರಕ್ತ ಮೂರು ಪ್ಲಸ್, ಪ್ರೋಟೀನ್ ಎರಡು ಪ್ಲಸ್.

ಚರ್ಮದ ಸ್ಟ್ರೆಪ್ಟೋಕಾಕಸ್ ಸೋಂಕಿನ ನಂತರ ಕೆಲವು ಮಕ್ಕಳಲ್ಲಿ ಮೂತ್ರಪಿಂಡಕ್ಕೆ ಹೀಗೆ ಪೆಟ್ಟು ಬೀಳುತ್ತದೆ. ಬ್ಯಾಕ್ಟೀರಿಯಾ ಮೂತ್ರಪಿಂಡಕ್ಕೆ ಹೋಗುವುದಿಲ್ಲ. ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯಗಳ ಕಂತೆ ರಕ್ತ ಸೋಸುವ ಜಾಲರಿಯಲ್ಲಿ ಸಿಕ್ಕಿಕೊಂಡು ಊತ ಎಬ್ಬಿಸುತ್ತದೆ. ಗಂಟಲು ಸೋಂಕಾದರೆ ಸುಮಾರು ಹತ್ತು ದಿನಕ್ಕೆ, ಚರ್ಮದ್ದಾದರೆ ಮೂರು ವಾರದ ಹೊತ್ತಿಗೆ ಕಾಣಿಸುತ್ತದೆ. ಅಷ್ಟರಲ್ಲಿ ಹುಣ್ಣು ಒಣಗಿರುತ್ತದೆ, ಅದನ್ನೂ ಇದನ್ನೂ ಯಾರೂ ಜೋಡಿಸುವುದಿಲ್ಲ. ಆಂಟಿಬಯೋಟಿಕ್ ಕೊಟ್ಟರೆ ಇದು ಖಂಡಿತ ತಪ್ಪುತ್ತದೆ ಅಂತಲೂ ಹೇಳಲಾಗದು. ಇಂಥ ತಳಿ ಇನ್ನೊಬ್ಬ ಮಗುವಿಗೆ ದಾಟುವುದನ್ನು ತಡೆಯಬಹುದು, ಅದಕ್ಕಾಗಿಯಾದರೂ ಕೊಡಬೇಕು.

ಅವತ್ತೇ ಚೀಟಿ ಬರೆದು ಕಲಬುರಗಿಗೆ ಕಳಿಸಿದೆ. ಅಜ್ಜಿಗೆ ಒಪ್ಪಿಗೆ ಇರಲಿಲ್ಲ. "ಗುಳ್ಳಿ ಸಣ್ಣ ಹುಡುಗಗ ಜಾಸ್ತಿ ಆಗ್ಯಾವ, ದವಾಖಾನಿಗೆ ಈಕಿನ್ಯಾಕ?" ಕೇಳಿದ್ದು ತಪ್ಪೇನಲ್ಲ. ಹೆಚ್ಚು ಹುಣ್ಣು ಇದ್ದವನಿಗೆ ಮನೆಯಲ್ಲೇ ಔಷಧಿ, ಕಡಿಮೆ ಇದ್ದವಳಿಗೆ ಆಸ್ಪತ್ರೆ ಅಂದರೆ ಯಾರಿಗಾದರೂ ವಿಚಿತ್ರ ಅನ್ನಿಸುತ್ತದೆ. ಬಾಟಲಿ ಎತ್ತಿ ಬೆಳಕಿಗೆ ಹಿಡಿದು ತೋರಿಸಿದೆ. ಆಮೇಲೆ ಅಜ್ಜಿ ಮಾತಾಡಲಿಲ್ಲ. ಸೊಂಟದ ಚೀಲದಿಂದ ದುಡ್ಡು ತೆಗೆದು ಸೊಸೆಯ ಕೈಗಿಟ್ಟರು.

ಹುಡುಗಿ ಆರು ದಿನ ದಾಖಲಾಗಿದ್ದಳು. ಉಪ್ಪು, ನೀರು ಅಳತೆಯಲ್ಲಿ ಕೊಟ್ಟರು. ಮೂತ್ರ ಹೆಚ್ಚಿಸಲು ಫ್ರೂಸಮೈಡ್, ಬಿಪಿ ಮಾತ್ರೆ, ಉಳಿದ ಸೋಂಕಿಗೆ ಆಂಟಿಬಯೋಟಿಕ್. ರಕ್ತದಲ್ಲಿ ಸಿ3 ಅನ್ನುವ ಅಂಶ ತೀರಾ ಇಳಿದಿತ್ತು, ಈ ಕಾಯಿಲೆಯ ಗುರುತು ಅದು. ಸ್ಟ್ರೆಪ್ಟೋಕಾಕಸ್ ಸೋಂಕಿನ ಸುಳಿವಿಗೆ ಮಾಡುವ ಎಎಸ್‌ಒ ರಕ್ತ ಪರೀಕ್ಷೆಯಲ್ಲಿ ಮಾತ್ರ ಅಂಕಿ ಹೆಚ್ಚಿರಲಿಲ್ಲ. ಗಂಟಲು ಸೋಂಕಿನಲ್ಲಿ ಏರುವ ಆ ಪರೀಕ್ಷೆ ಚರ್ಮದ ಸೋಂಕಿನಲ್ಲಿ ಎಷ್ಟೋ ಸಲ ಏರುವುದೇ ಇಲ್ಲ. ಅದು ಸರಿಯಾಗಿದೆ ಅಂತ ನೋಡಿ ಮೋಸ ಹೋಗುವುದುಂಟು. ನಾಲ್ಕನೇ ದಿನಕ್ಕೆ ಮುಖದ ಬಾವು ಇಳಿಯಿತು.

ಇಡೀ ಮನೆಗೆ ಔಷಧಿ

ಹುಡುಗನಿಗೂ ಚಿಕ್ಕವನಿಗೂ ಈ ಸಲ ಮುಲಾಮು ಸಾಲದು. ಹುಣ್ಣು ಜಾಸ್ತಿ, ಮನೆಯಲ್ಲಿ ಮೂವರಿಗೆ ಬಂದಿದೆ. ಸೆಫಲೆಕ್ಸಿನ್ ಅನ್ನುವ ಆಂಟಿಬಯೋಟಿಕ್ ಸಿರಪ್ ಏಳು ದಿನ. 14 ಕಿಲೋ ಹುಡುಗನಿಗೆ 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವ ಸಿರಪ್, ದಿನಕ್ಕೆ ನಾಲ್ಕು ಸಲ 5 ಮಿಲಿ ಲೆಕ್ಕ ಬಂತು. ಇದು ತೂಕ ನೋಡಿ ಹಾಕುವ ಲೆಕ್ಕ, ಪಕ್ಕದ ಮನೆ ಮಗುವಿಗೆ ಹೊಂದುವುದಿಲ್ಲ. ಬರೀ ಅಮಾಕ್ಸಿಸಿಲಿನ್ ಯಾಕೆ ಅಲ್ಲ ಅಂತ ಕೇಳುವವರಿದ್ದಾರೆ. ಸ್ಟೆಫಿಲೋಕಾಕಸ್ ಅದನ್ನು ಒಡೆದು ಹಾಕುವ ಕಿಣ್ವ ಇಟ್ಟುಕೊಂಡಿರುತ್ತದೆ. ಎರಡು ಮೂರು ದಿನದಲ್ಲಿ ಗುಣ ಕಾಣದಿದ್ದರೆ ಮಾಮೂಲು ಔಷಧಿಗೆ ಬಗ್ಗದ ತಳಿ ಇರಬಹುದೆಂದು ಕಲ್ಚರ್ ಮಾಡಿಸುವುದು ಅಂತ ಇಟ್ಟುಕೊಂಡಿದ್ದೆ. ಅದರ ಅಗತ್ಯ ಬೀಳಲಿಲ್ಲ. ಪುಡಿ ಬಾಟಲಿಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಅಲುಗಾಡಿಸುವುದನ್ನು ತೋರಿಸಿದೆ. ಫ್ರಿಜ್ ಅವರ ಮನೆಯಲ್ಲಿ ಇಲ್ಲ, ಪಕ್ಕದ ಕಿರಾಣಿ ಅಂಗಡಿಯವರ ಫ್ರಿಜ್ಜಿನಲ್ಲಿ ತಂಪು ಪಾನೀಯದ ಬಾಟಲಿಗಳ ನಡುವೆ ಇಟ್ಟರು.

ಕಷ್ಟ ಇದ್ದದ್ದು ಕಜ್ಜಿಯ ಚಿಕಿತ್ಸೆ. ಮನೆಯಲ್ಲಿ ಮುತ್ಯಾ, ಅಜ್ಜಿ, ತಾಯಿ, ಕಾಕಾ, ಐದು ತಿಂಗಳ ಬಸುರಿ ಕಕ್ಕಿ, ಮೂರು ಮಕ್ಕಳು. ತುರಿಕೆ ಇರಲಿ ಬಿಡಲಿ, ಎಲ್ಲರೂ ಒಂದೇ ರಾತ್ರಿ ಔಷಧಿ ತೆಗೆದುಕೊಳ್ಳಬೇಕು. ಒಬ್ಬರು ಬಿಟ್ಟರೂ ಆರು ವಾರದಲ್ಲಿ ಮೊದಲಿನ ಜಾಗಕ್ಕೇ ವಾಪಸ್ಸು. ಶೇಕಡ 5ರ ಪರ್ಮೆಥ್ರಿನ್ ಮುಲಾಮು ದೊಡ್ಡವರಿಗೆ ಒಬ್ಬರಿಗೊಂದು ಟ್ಯೂಬ್ ಬೇಕು. ಅಷ್ಟು ದುಡ್ಡು ಅವರ ಹತ್ತಿರ ಇಲ್ಲ. ಹಾಗಾಗಿ ಬಸುರಿಯಲ್ಲದ ದೊಡ್ಡವರು ನಾಲ್ವರಿಗೂ ಐವರ್‌ಮೆಕ್ಟಿನ್ ಮಾತ್ರೆ, ಕಿಲೋ ತೂಕಕ್ಕೆ 0.2 ಮಿಲಿಗ್ರಾಂ ಲೆಕ್ಕದಲ್ಲಿ. ಅದನ್ನು ಬಸುರಿಯರಿಗೂ 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೂ ಕೊಡುವುದಿಲ್ಲ. ಕಕ್ಕಿಗೂ ಮಕ್ಕಳಿಗೂ ಪರ್ಮೆಥ್ರಿನ್. ಅಕ್ಕನಿಗೆ ಆಸ್ಪತ್ರೆಯಲ್ಲೇ ಅದೇ ರಾತ್ರಿ, ಜೊತೆಗಿದ್ದ ತಾಯಿ ಅಲ್ಲೇ ಮಾತ್ರೆ ನುಂಗಿದರು.

ಹಚ್ಚುವುದನ್ನು ಆಶಾ ಕಾರ್ಯಕರ್ತೆ ಮುಂದೆ ನಿಂತು ಮಾಡಿಸಿದರು. ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದು, ಉಗುರ ಕೆಳಗೆ, ಹೊಕ್ಕುಳ, ಕುಂಡಿಯ ಮಡಿಕೆ, ಎಲ್ಲೂ ಬಿಡದೆ. ಎರಡು ವರ್ಷದವನಿಗೆ ತಲೆ, ಮುಖಕ್ಕೂ, ಕಣ್ಣು ಬಾಯಿ ಬಿಟ್ಟು. ರಾತ್ರಿ ಹಚ್ಚಿ ಎಂಟು ಗಂಟೆಯಾದರೂ ಬಿಟ್ಟು ಬೆಳಿಗ್ಗೆ ಸ್ನಾನ. ಕಕ್ಕಿ ರಾತ್ರಿ ಪಾತ್ರೆ ತೊಳೆಯಲು ಕೂತರಂತೆ, ಆಶಾ ಮತ್ತೆ ಕೈಗೆ ಹಚ್ಚಿಸಿದರು. ತುರಿಕೆ ಮಾರನೇ ದಿನವೇ ನಿಲ್ಲುವುದಿಲ್ಲ, ಸತ್ತ ಹುಳದ ಅಲರ್ಜಿ ಎರಡರಿಂದ ನಾಲ್ಕು ವಾರ ಇರುತ್ತದೆ ಅಂತ ಮೊದಲೇ ಹೇಳಿಟ್ಟಿದ್ದೆ. ಇಲ್ಲದಿದ್ದರೆ ಮೂರನೇ ದಿನಕ್ಕೆ ಮತ್ತೆ ಆ ಹಳೆಯ ಟ್ಯೂಬ್ ಬರುತ್ತಿತ್ತು. ಮೊಟ್ಟೆಯಿಂದ ಹೊರಬಂದ ಮರಿಗಳಿಗಾಗಿ ಏಳು ದಿನ ಬಿಟ್ಟು ಇನ್ನೊಂದು ಸುತ್ತು.

ಈಗ ಕೌದಿ. ಬಟ್ಟೆಯನ್ನೆಲ್ಲ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ ಅನ್ನುವುದು ಪುಸ್ತಕದ ಮಾತು. ಆಗಸ್ಟಿನಲ್ಲಿ ಬಿಸಿಲು ಎಲ್ಲಿ? ಕೌದಿ ಒದ್ದೆಯಾದರೆ ಮಕ್ಕಳಿಗೆ ಹೊದೆಯಲು ಏನು? ಆದರೆ ಕಜ್ಜಿ ಹುಳ ಮನುಷ್ಯನ ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹಾಗಾಗಿ ಒಗೆಯುವುದೇ ಬೇಡ, ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು ನಾಲ್ಕು ದಿನ ಅಟ್ಟದ ಮೇಲೆ ಇಡಿ ಅಂದೆ. ಅಜ್ಜಿಗೆ ಇದು ಬಹಳ ಇಷ್ಟವಾಯಿತು. "ಹುಳಕ್ಕ ಉಪವಾಸ ಹಾಕೂದು," ಅಂದರು. ಆ ನಾಲ್ಕು ರಾತ್ರಿ ಓಣಿಯವರು ಕೊಟ್ಟ ಚಾದರ.

ಅಪ್ಪನಿಗೆ ಫೋನಿನಲ್ಲೇ ಹೇಳಿದ್ದಾಯ್ತು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಹಚ್ಚುವ ಔಷಧಿ ತೆಗೆದುಕೊಂಡ. ಶೆಡ್ಡಿನ ಉಳಿದವರು ಹಚ್ಚಿಕೊಂಡರೋ ಇಲ್ಲವೋ, ಅವನೂ ಸರಿಯಾಗಿ ಹೇಳಲಿಲ್ಲ. ದೀಪಾವಳಿಗೆ ಬರುವ ಮುಂಚೆ ಇನ್ನೊಮ್ಮೆ ಹಚ್ಚಿಕೊಂಡೇ ಬಾ ಅಂತ ಅಜ್ಜಿ ತಾಕೀತು ಮಾಡಿದ್ದರು.

ಸೆಪ್ಟೆಂಬರ್ ಮಧ್ಯಕ್ಕೆ ಹುಡುಗನ ಮೈಮೇಲೆ ಹಳೆಯ ಕಪ್ಪು ಗುರುತು ಬಿಟ್ಟರೆ ಏನೂ ಇರಲಿಲ್ಲ. ಆಮೇಲೂ ಹೊಸ ಹುಣ್ಣು ಏಳಲಿಲ್ಲ. ನಾನು ಈಗ ಮುಖದ ಹುಣ್ಣು ಅಂತ ಬಂದ ಮಗುವಿನ ಅಂಗಿಯನ್ನೂ ಬಿಚ್ಚಿಸುತ್ತೇನೆ, ಜೊತೆಗೆ ಬಂದವರ ಕೈಯನ್ನೂ ನೋಡುತ್ತೇನೆ. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಈ ಅಜ್ಜಿ ಮಾತ್ರ ಡಿಸೆಂಬರಿನಲ್ಲಿ ಕೆಮ್ಮಿಗೆ ಅಂತ ಬಂದವರು, ನಾನು ಕೇಳುವ ಮೊದಲೇ ಹತ್ತೂ ಬೆರಳು ಅಗಲಿಸಿ ಮೇಜಿನ ಮೇಲಿಟ್ಟರು.

ಅವತ್ತು ಮೊಮ್ಮಗಳೂ ಜೊತೆಗಿದ್ದಳು. ಸಿ3 ಎಂಟನೇ ವಾರಕ್ಕೇ ಸರಿಹೋಗಿತ್ತು. ಬಿಪಿ 96/60, ಮಾತ್ರೆ ನಿಲ್ಲಿಸಿ ಎರಡು ತಿಂಗಳಾಗಿತ್ತು. ಮೂತ್ರ ನೋಡಲು ತಿಳಿಯಾಗಿತ್ತು, ಆದರೆ ಪಟ್ಟಿ ಅದ್ದಿದಾಗ ರಕ್ತದ ಚೌಕದಲ್ಲಿ ಇನ್ನೂ ಎರಡು ಮೂರು ಹಸಿರು ಚುಕ್ಕಿ ಮೂಡಿದವು. ಕಣ್ಣಿಗೆ ಕಾಣದಷ್ಟು ರಕ್ತ ಹೀಗೆ ಒಂದು ವರ್ಷದವರೆಗೂ ಹೋಗುತ್ತಿರಬಹುದು, ಅದರಿಂದ ಗಾಬರಿ ಇಲ್ಲ. ಪಟ್ಟಿಯನ್ನು ಹುಡುಗಿಗೇ ಕೊಟ್ಟು ಎಣಿಸಲು ಹೇಳಿದೆ. ಮೂರು ಅಂದಳು. ಬರೆದುಕೊಂಡು, ಮುಂದಿನ ಸಲ ಯುಗಾದಿ ಆದ ಮೇಲೆ ಬರಲು ಹೇಳಿದೆ.